ಮಾವನ ಜೇಬಿನ ಕಾವಲು

ಮೋಡದ ಸುಳಿವೇ ಇಲ್ಲದ ದಿನ ಮಾವ ಕೊಡೆ ಹಿಡಿದು ಹೊರಗೆ ಹೋಗಿಬಂದದ್ದೇ ಅಂದಿನ ರಗಳೆಗೆಲ್ಲ ಮೂಲ.

"ಬಿಸಿಲಿಗೆ ಹಿಡ್ಕೊಂಡು ಹೋಗಿದ್ದೆ, ಅಳಿಯಂದ್ರೇ," ಎಂದರು ಮಾವ.

ದರ್ಜಿ ಅಳಿಯ ನಂಬಲಿಲ್ಲ. ಬಿಸಿಲಿಗೆ ಹಿಡಿಯುವವರು ಕೊಡೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಾರೆಯೇ?

ಹೊಲಿಗೆ ಬಿಟ್ಟು ಹೀಗೆ ಮಾವನ ಕಂಕುಳು ನೋಡುವ ಗ್ರಹಚಾರ ಅವನಿಗೆ ಸುಮ್ಮನೆ ಬಂದದ್ದಲ್ಲ. ಮೂರು ತಿಂಗಳ ಹಿಂದೆ ಮಾವನ ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆ ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ಹೆಂಡತಿ ಅವನನ್ನು ಕಾವಲಿಗೆ ಹಾಕಿದ್ದಳು. "ಕರಿದದ್ದು, ಬೆಣ್ಣೆ ಹಾಕಿದ್ದು ಒಂದು ಚೂರೂ ಅಪ್ಪನ ಬಾಯಿಗೆ ಹೋಗಬಾರದು. ಹೋದ್ರೆ ನಿಮಗಿದೆ!"

ನಿನ್ನೆ ಮಾವನ ರಕ್ತ ಪರೀಕ್ಷೆಗೆ ಹೋಗಿತ್ತು. "ಅಳಿಯಂದ್ರು ಕೊಟ್ರೆ ನಾನೂ ಕೊಡ್ತೀನಿ" ಎಂದು ಅವರು ಮಗುವಿನಂತೆ ಹಟ ಹಿಡಿದದ್ದರಿಂದ ದರ್ಜಿಯೂ ಸೂಜಿಗೆ ತೋಳು ಚಾಚಿದ್ದ. ಇಂದು ಸಂಜೆ ರಿಪೋರ್ಟು ಬರುತ್ತದೆ. ಮಾವನದು ಕೆಟ್ಟು ಬಂತೆಂದರೆ ದರ್ಜಿಯ ಕತೆ ಮುಗಿಯಿತು.

ಅಷ್ಟರಲ್ಲಿ ಪಕ್ಕದ ಅಂಗಡಿಯ ಬೀಗದವನು ಕತ್ತು ಚಾಚಿದ. "ನಾನು ಹೇಳ್ದೆ ಅಂತ ಹೇಳ್ಬೇಡ. ನಿಮ್ಮ ಮಾವ ಬೇಕರಿಯಿಂದ ಬಂದ್ರು."

ಮಾವ ಕೈಕಾಲು ತೊಳೆಯಲು ಹೋದದ್ದೇ, ದರ್ಜಿ ಕೊಡೆ ಬಿಚ್ಚಿ ಒದರಿದ. ಪೊಟ್ಟಣ ಬಿತ್ತು. ಬೆಣ್ಣೆ ಬಿಸ್ಕತ್ತು! ಬಿಸಾಡಿದರೆ ಮುದುಕರು ಹೆಕ್ಕಿ ತಿಂದಾರು; ಒಳಗೆ ಒಯ್ದರೆ ಹೆಂಡತಿ 'ನೀವು ಕಾಯ್ದದ್ದು ಇದೇ ಏನು' ಎಂದಾಳು. ಹಾಗಾಗಿ ಮೂರು ತಿಂಗಳಿಂದ ಮಾಡುತ್ತಾ ಬಂದದ್ದನ್ನೇ ಈಗಲೂ ಮಾಡಿದ. ಬಾಗಿಲ ಕಡೆ ಬೆನ್ನು ಹಾಕಿ ಅಷ್ಟನ್ನೂ ತಿಂದು ಮುಗಿಸಿದ. ಪಾಪ, ಕರ್ತವ್ಯ.

ಆದರೂ ಅನುಮಾನ ಹೋಗಲಿಲ್ಲ. ಕೊಡೆಯಲ್ಲಿ ಒಂದಿದ್ದರೆ ಬೇರೆಡೆ ಇನ್ನೆಷ್ಟೋ! ಟೋಪಿಯೊಳಗೆ ಕರಿದ ಕಡಲೆಬೀಜ ಸಿಕ್ಕಿತು. ಕೋಟಿನ ಜೇಬಿನಲ್ಲಿ ಇಷ್ಟಗಲ ಕೇಕು. ಅದನ್ನು ಬಾಯಿಗೆ ತುರುಕಿದ ಹೊತ್ತಿಗೇ ಹೆಂಡತಿ ಬಂದಳು.

"ರೀ, ಅಪ್ಪ ಏನಾದ್ರೂ ತಿಂದ್ರಾ?"

ದರ್ಜಿ ಇಲ್ಲವೆಂದು ತಲೆಯಾಡಿಸಿದ.

"ಬಾಯಲ್ಲೇನು?"

ಅವನು ಗುಂಡುಸೂಜಿಯ ಡಬ್ಬಿ ತೋರಿಸಿದ. ದರ್ಜಿಗಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಳ್ಳುವುದು ಉಂಟು. ಆದರೆ ಕೆನ್ನೆ ಊದುವಷ್ಟು ಕಚ್ಚಿಕೊಳ್ಳುವುದು ಅವಳು ನೋಡಿದ್ದು ಇದೇ ಮೊದಲು. ಕಣ್ಣು ಕಿರಿದು ಮಾಡಿಕೊಂಡು ಒಳಗೆ ಹೋದಳು.

ಆಮೇಲೆ ಗಿರಾಕಿಯೊಬ್ಬರ ಅಳತೆ ತೆಗೆಯಲು ಬಗ್ಗಿದಾಗ ದರ್ಜಿಯ ಪ್ಯಾಂಟಿನ ಗುಂಡಿಯೇ ಟಪ್ಪೆಂದು ಹಾರಿತು. ಸೊಂಟ ಬಿಚ್ಚಿ ಹೊಲಿದುಕೊಂಡದ್ದು ಈಗಾಗಲೇ ಎರಡು ಸಲ. ಬಟ್ಟೆ ಮಾರಿದವನು ಟೋಪಿ ಹಾಕಿದ್ದಾನೆ, ಒಗೆದಾಗಲೆಲ್ಲ ಕುಗ್ಗುತ್ತಿದೆ ಎಂದು ದರ್ಜಿಯ ಗುಮಾನಿ.

ಮೂಲೆಯಲ್ಲಿ ಕೂತಿದ್ದ ಮಾವ ಗುಂಡಿ ಹೆಕ್ಕಿಕೊಟ್ಟರು. ಅವರು ಗೋದಾಮುಗಳಲ್ಲಿ ಇಲಿ ಹಿಡಿಯುವ ಕೆಲಸದಲ್ಲೇ ತಲೆ ನರೆಸಿದವರು. "ಇಲಿಯನ್ನ ಅಟ್ಟಿಸ್ಕೊಂಡು ಹೋಗಬಾರದು, ಅಳಿಯಂದ್ರೇ," ಎಂದು ಯಾವತ್ತಿನ ಪುರಾಣ ತೆಗೆದರು. "ಬೋನಿನ ಬಾಗಿಲು ಬೀಳದ ಹಾಗೆ ಕಟ್ಟಿ, ದಿನಾ ತಿಂಡಿ ಇಡಬೇಕು. ರುಚಿ ಹತ್ತಿದ್ರೆ ತಾನಾಗೇ ಬರುತ್ತೆ."

ಇಲಿ ಹಾಳಾಗಲಿ! ದರ್ಜಿಗೆ ರಿಪೋರ್ಟಿನದೇ ಚಿಂತೆ.

ಸಂಜೆ ಡಾಕ್ಟರಮ್ಮ ಎರಡು ಹಾಳೆಗಳನ್ನೂ ನೋಡಿ ಕನ್ನಡಕ ಸರಿಮಾಡಿಕೊಂಡರು. "ಹಿರಿಯರ ರಕ್ತ ಚೆನ್ನಾಗಿದೆ. ಕೊಬ್ಬು ಬಹಳ ಇಳಿದಿದೆ."

ದರ್ಜಿಗೆ ಹೋದ ಜೀವ ಬಂದಂತಾಯಿತು. ಹೆಂಡತಿ ಮೊದಲ ಬಾರಿಗೆ ಅವನನ್ನು ಮೆಚ್ಚಿ ನೋಡಿದಳು. ಆ ಸುಖ ಒಂದೇ ಕ್ಷಣದ್ದು.

"ನಿಮ್ಮದೇ ಯಾಕಪ್ಪಾ ಹೀಗಿದೆ? ಏನು ತಿಂತಾ ಇದೀರಿ?" ಡಾಕ್ಟರಮ್ಮ ಗೋಡೆಯ ಚಿತ್ರ ತೋರಿಸಿದರು. "ನೋಡಿ, ನಾಳದ ಗೋಡೆಯೊಳಗೆ ಕೊಬ್ಬು ಹೊಕ್ಕರೆ, ಅದನ್ನ ತೆಗೆಯೋಕೆ ಅಂತ ಕಾವಲಿನ ಕೋಶಗಳು ಬರ್ತವೆ. ನುಂಗಿ ನುಂಗಿ ಮೈಯೆಲ್ಲ ನೊರೆ ತುಂಬಿದ ಹಾಗೆ ಉಬ್ಬಿಕೊಳ್ತವೆ. ನೊರೆಕೋಶ ಅಂತೀವಿ. ಆಮೇಲೆ ಬಂದ ದಾರೀಲಿ ವಾಪಸ್ ಹೋಗೋಕೂ ಆಗಲ್ಲ. ಅಲ್ಲೇ ಗುಡ್ಡೆ ಬಿದ್ದು, ಅವೇ ರಕ್ತಕ್ಕೆ ಅಡ್ಡ ಆಗ್ತವೆ."

"ಬೇಲಿನೇ ಎದ್ದು ಹೊಲ ಮೇದ ಹಾಗೆ ಅನ್ನಿ," ಎಂದರು ಮಾವ, ಮೆಲ್ಲಗೆ.

ಹೆಂಡತಿಗೆ ಊದಿದ ಕೆನ್ನೆ ನೆನಪಾಯಿತು. "ಗುಂಡುಸೂಜಿ ಅಲ್ವಾ ರೀ, ಗುಂಡುಸೂಜಿ!" ಅಲ್ಲಿಯೇ ತೀರ್ಪು ಆಯಿತು: ಇಂದಿನಿಂದ ಅಳಿಯನಿಗೆ ಮಾವನ ಕಾವಲು.

ಅಂಗಡಿಗೆ ಮರಳಿದ ಮೇಲೆ ದರ್ಜಿ ಗೋಳಾಡಿದ. "ಇಷ್ಟೆಲ್ಲ ತಂದಿಟ್ಟೂ ನೀವು ಒಂದೂ ತಿನ್ನಲಿಲ್ವಾ, ಮಾವ?"

"ನನಗೂ ಜೀವ ಬೇಕಲ್ಲಪ್ಪ. ಆದರೆ ಈ ವಯಸ್ಸಲ್ಲಿ ದಿನಾ ಜೇಬು ತಡಕಿಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ರುಚಿ ಹತ್ತಿಸಿದೆ. ನಿಮಗೆ ಇಷ್ಟು ಏರುತ್ತೆ ಅಂದ್ಕೊಂಡಿರಲಿಲ್ಲ," ಎಂದ ಮಾವನ ದನಿಯಲ್ಲಿ ನಿಜವಾದ ಮರುಕವಿತ್ತು.

ದರ್ಜಿಗೆ ಮೈಯೆಲ್ಲ ಉರಿಯಿತು. ಮುಯ್ಯಿಗೆ ಮುಯ್ಯಿ! ಬೀಗದವನಿಂದ ಒಂದು ಪೊಟ್ಟಣ ಬೆಣ್ಣೆ ಬಿಸ್ಕತ್ತು ತರಿಸಿ, ಹೊಲಿಗೆ ಯಂತ್ರದ ಖಾನೆಯಲ್ಲಿಟ್ಟು, ತುದಿ ಮಾತ್ರ ಕಾಣುವ ಹಾಗೆ ಬಿಟ್ಟ. ಮುದುಕರೂ ಕಾವಲುಗಾರರೇ ಅಲ್ಲವೇ, ತಿನ್ನಲಿ! ನಾಲಗೆ ಎಲ್ಲರಿಗೂ ಒಂದೇ.

ಮಾವ ಬಂದರು. ಪೊಟ್ಟಣ ಎಳೆದು ತೆಗೆದರು. ಮೂಸಿದರು.

"ಅಳಿಯಂದ್ರೇ, ಜೀವಮಾನವೆಲ್ಲ ಬೋನಿಗೆ ತಿಂಡಿ ಇಟ್ಟವನು ನಾನು. ಬೇರೆಯವರು ಇಟ್ಟದ್ದನ್ನ ತಿಂತೀನಾ?" ಎಂದು ನಕ್ಕು, ಒಳಮನೆಯ ಕಡೆ ತಿರುಗಿ ದನಿ ಎತ್ತರಿಸಿದರು.

"ಮಗಳೇ, ಬಾರಮ್ಮ ಇಲ್ಲಿ! ನಿನ್ನ ಗಂಡ ಖಾನೆಯಲ್ಲಿ ಏನು ಬಚ್ಚಿಟ್ಕೊಂಡಿದಾರೆ ನೋಡು!"