ಫಿಂಟನ್ ಬ್ರೋಫಿ ದಾರಿ ಕೇಳಲಿಲ್ಲ

ಸತ್ತವರ ಮನೆಯ ಸಂಗತಿಯನ್ನು ನಗೆಗೆ ತರುವುದು ಒಳ್ಳೆಯದಲ್ಲ ಎಂದು ನನಗೂ ಗೊತ್ತು. ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ನಮ್ಮ ಕಾರ್ಲೋ ಪಟ್ಟಣದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅವರೆಲ್ಲ ಫಿಂಟನ್ ಬ್ರೋಫಿಯ ನೆಂಟರು, ಬಾಯಿ ಬಿಡುವಂತಿಲ್ಲ. ಹೇಳುವುದರಲ್ಲಿ ಎಲ್ಲಾದರೂ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಎಲ್ಲಕ್ಕೂ ಕಾರಣ ಈಸ್ಟರ್ ಹಬ್ಬದ ಊಟದಲ್ಲಿ ಫಿಂಟನ್ ಆಡಿದ ಒಂದು ಮಾತು. "ದಾರಿ ಕೇಳೋ ಗಂಡಸಿನ ಕೈಗೆ ಸ್ಟೀರಿಂಗ್ ಕೊಡಬಾರದು. ಈ ಬೇಸಿಗೆ ನಿಮ್ಮನ್ನೆಲ್ಲ ಐರ್ಲೆಂಡ್ ಪೂರ್ತಿ ಸುತ್ತಿಸ್ಕೊಂಡು ಬರ್ತೀನಿ, ಯಾರನ್ನೂ ಒಂದು ಮಾತು ಕೇಳಲ್ಲ" ಎಂದುಬಿಟ್ಟ.

ಅವನ ಅತ್ತೆ ಮಿಸೆಸ್ ಕೀಗನ್ ಕೈಯಲ್ಲಿದ್ದ ಚಮಚ ಕೆಳಗಿಟ್ಟರು. ಅವರ ತಂಗಿ ಕನ್ಸೆಪ್ಟಾಗೆ ವೆಕ್ಸ್‌ಫರ್ಡಿನ ಸಮುದ್ರದ ದಂಡೆಯಲ್ಲಿ ಒಂದು ಕ್ಯಾರವಾನ್ ಇತ್ತು. ಗಾಲಿಯ ಮೇಲೆ ನಿಂತ ತಗಡಿನ ಮನೆ. ಮಾಡು ಸೋರುತ್ತದೆ, ಕಕ್ಕಸು ಹೊಲದ ಆಚೆ. ಪ್ರತಿ ಬೇಸಿಗೆಯೂ ರಜೆಗೆ ಅಲ್ಲಿಗೇ ಹೋಗೋಣ ಎಂದು ಅತ್ತೆ, ಸತ್ತರೂ ಇಲ್ಲ ಎಂದು ಅಳಿಯ.

"ಆಗಲಪ್ಪ ಫಿಂಟನ್," ಎಂದರು ಅತ್ತೆ. "ಕೇಳದೆ ಸುತ್ತಿ ಬಂದ್ರೆ ಕನ್ಸೆಪ್ಟಾ ಕ್ಯಾರವಾನ್ ಮಾತು ನಾನು ಸಾಯೋವರೆಗೂ ಎತ್ತಲ್ಲ. ಒಂದೇ ಒಂದು ಸಲ ಕೇಳಿದ್ಯೋ, ಮುಂದಿನ ವರ್ಷ ಎರಡು ವಾರ ಅಲ್ಲೇ."

ಪಂದ್ಯದ ತೀರ್ಪುಗಾರ್ತಿಯಾಗಿ ಮಗಳು ಡರ್ವ್ಲಾ ನೇಮಕವಾದಳು. ಅಪ್ಪನಿಂದಲೂ ಅಜ್ಜಿಯಿಂದಲೂ ಚಾಕೊಲೇಟ್ ತೆಗೆದುಕೊಂಡು ಯಾರಿಗೂ ಕೆಲಸ ಮಾಡಿಕೊಡದ ಹುಡುಗಿ ಅವಳು.

ನಿಜ ಹೇಳಬೇಕೆಂದರೆ ಫಿಂಟನ್ ಮಾತು ಉಳಿಸಿಕೊಂಡಿದ್ದ. ಆಗಸ್ಟಿನಲ್ಲಿ ನಾಲ್ವರೂ ಕಾರಿನಲ್ಲಿ ಹೊರಟು ದಕ್ಷಿಣ, ಪೂರ್ವ ಸುತ್ತಿ, ಬಡಗಣ ಡಾನಿಗಾಲನ್ನೂ ಮುಗಿಸಿದ್ದರು. ಸ್ಲೈಗೋದಲ್ಲಿ ಮಾತ್ರ ಒಬ್ಬ ಮುದುಕನ ಪಕ್ಕ ಕಾರು ನಿಲ್ಲಿಸಿ, "ಚೆಂದದ ನಾಯಿ. ಯಾವ ಊರಿನ ನಾಯಿ ಇದು?" ಎಂದು ಕೇಳಿದ್ದ. ನಾಯಿಯ ಊರು ಕೇಳಿದರೆ ದಾರಿ ಕೇಳಿದ ಹಾಗಲ್ಲ ಎಂದು ಡರ್ವ್ಲಾ ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟಳು. ಅತ್ತೆ ಒಪ್ಪಲಿಲ್ಲ. ಅಂದು ಸಂಜೆಯೇ ಅವರ ಫ್ಲಾಸ್ಕಿನ ಚಹಾ ನಕ್ಷೆಯ ಮೇಲೆ ಚೆಲ್ಲಿತು. ಚೆಲ್ಲಿದ್ದು ಸರಿಯಾಗಿ ಮೇಯೋ ಜಿಲ್ಲೆಯ ಮೇಲೆಯೇ.

ಹೀಗಾಗಿ ಪ್ರವಾಸದ ಕೊನೆಯ ದಿನದ ಹಿಂದಿನ ದಿನ, ಸಂಜೆಗೆ ಗಾಲ್ವೇ ಸೇರಿ ಮರುದಿನ ಮನೆ ಮುಟ್ಟಬೇಕಾದವರು, ಮೇಯೋದ ಜೌಗು ಬಯಲಿನ ನಡುವೆ ಸಿಕ್ಕಿಕೊಂಡರು. ರಸ್ತೆಯ ನಡುವೆ ಹುಲ್ಲು ಬೆಳೆದಿತ್ತು. ಅಡ್ಡರಸ್ತೆಯ ಕೈಮರ ಒಂದೇ ಊರನ್ನು ಎರಡೂ ಕಡೆಗೆ ತೋರಿಸುತ್ತಿತ್ತು.

"ಅಲ್ಲಿ ಒಬ್ರು ಕುರಿ ಕಾಯ್ತಿದಾರೆ," ಎಂದಳು ಹೆಂಡತಿ ಅಸಂಪ್ಟಾ, ಮೆಲ್ಲಗೆ.

"ಕಾಯಲಿ," ಎಂದ ಫಿಂಟನ್.

ಅಷ್ಟರಲ್ಲಿ ದೊಡ್ಡ ರಸ್ತೆಯಲ್ಲಿ ಕಾರುಗಳ ಸಾಲೊಂದು ನಿಧಾನವಾಗಿ ಹೋಗುವುದು ಕಂಡಿತು. ಇಷ್ಟು ಕಾರು ಹೋಗುವ ಕಡೆ ಊರು ಇರಲೇಬೇಕು ಎಂದುಕೊಂಡು, ಮಧ್ಯೆ ಸಿಕ್ಕ ಜಾಗದಲ್ಲಿ ಅವನು ಕಾರನ್ನು ತೂರಿಸಿದ. ಹಿಂದಿನವನು ದೊಡ್ಡ ಮನಸ್ಸಿನಿಂದ ಜಾಗ ಬಿಟ್ಟ. ತಿರುವಿನಲ್ಲಿ ಸಾಲಿನ ತಲೆ ಕಂಡಾಗ ಮಿಸೆಸ್ ಕೀಗನ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಮುಂದೆ ಹೋಗುತ್ತಿದ್ದುದು ಹೂಮಾಲೆ ಹೊತ್ತ ಶವದ ಗಾಡಿ.

ಹೆಣದ ಗಾಡಿಯನ್ನು ಹಿಂದೆ ಹಾಕಿ ಹೋಗುವವನು ನಮ್ಮ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ಸಾಲು ಬಿಟ್ಟು ಹೊರಳೋಣವೆಂದರೆ ಹಿಂದೆ ಕಾರುಗಳು, ಟ್ರ್ಯಾಕ್ಟರುಗಳು ಮಣಿಸರದಂತೆ ಪೋಣಿಸಿಕೊಂಡಿದ್ದವು. ದಾರಿಬದಿಯ ಜನ ಟೋಪಿ ತೆಗೆದು ನಿಂತರು. ಅತ್ತೆ ಜಪಮಾಲೆ ಹೊರತೆಗೆದರು. ಫಿಂಟನ್ ಮುಖವನ್ನು ಆದಷ್ಟು ಉದ್ದ ಮಾಡಿಕೊಂಡ.

ಸ್ಮಶಾನದ ಗೇಟಿನಲ್ಲಿ ಕಾರು ನಿಂತದ್ದೇ ಕೆಂಪು ಮೂಗಿನ ಒಬ್ಬಾತ ಕಿಟಕಿ ತಟ್ಟಿದ. ಊರಿನ ಪ್ರತಿ ಸಾವಿಗೂ ಓಡಾಡುವವರು ಒಬ್ಬರಿರುತ್ತಾರಲ್ಲ, ಇಲ್ಲಿ ಅವನು ಜಾರ್ಲತ್.

"ಎಲ್ಲಿಂದ ಬಂದ್ರಿ?"

"ಕಾರ್ಲೋ."

"ಕಾರ್ಲೋದಿಂದ," ಎಂದ ಜಾರ್ಲತ್, ಕಣ್ಣು ತುಂಬಿಕೊಂಡು. "ಸೋನಿ ಲವೆಲ್‌ಗೋಸ್ಕರ ಅಷ್ಟು ದೂರದಿಂದ."

ದಾರಿ ತಪ್ಪಿ ಬಂದೆವು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ದಾರಿ ತಪ್ಪಿದೆ ಎನ್ನುವುದಕ್ಕೂ ದಾರಿ ಕೇಳುವುದಕ್ಕೂ ಎಷ್ಟು ವ್ಯತ್ಯಾಸ? ಹಿಂದಿನ ಸೀಟಿನಲ್ಲಿ ಡರ್ವ್ಲಾಳ ಹುಬ್ಬು ಮೇಲೆ ಹೋಗುತ್ತಿರುವುದು ಕನ್ನಡಿಯಲ್ಲಿ ಕಂಡಿತು.

"ಬರದೆ ಇರೋಕೆ ಆಗ್ಲಿಲ್ಲ," ಎಂದ ಫಿಂಟನ್. ಅದು ಸುಳ್ಳಲ್ಲ.

"ಸೋನಿ ಪರಿಚಯ ಹೇಗೆ?"

"ರಸ್ತೆಯಲ್ಲಿ ಸಿಕ್ಕಿದ್ದು." ಅದೂ ಸುಳ್ಳಲ್ಲ.

"ಹಾಂ, ದನದ ಲಾರಿ ಓಡಿಸ್ತಿದ್ದ ಕಾಲದಲ್ಲಿ," ಎಂದು ಉತ್ತರವನ್ನೂ ಜಾರ್ಲತ್ತೇ ಪೂರ್ತಿ ಮಾಡಿಕೊಂಡ. ಆಮೇಲೆ ಆ ಸುದ್ದಿ ಸಮಾಧಿಗಳ ನಡುವೆ ಕೋಳಿ ಓಡಿದ ಹಾಗೆ ಓಡಿತು. ಹಳೆಯ ಪಾದ್ರಿಗಳ ಮಣ್ಣಿಗೂ ಇಷ್ಟು ದೂರದಿಂದ ಯಾರೂ ಬಂದಿರಲಿಲ್ಲವಂತೆ. ಇಡೀ ಊರು ಎದೆ ಸೆಟೆಸಿ ನಿಂತಿತು.

ಹೆಗಲು ಕೊಡಬೇಕಿದ್ದ ಸೋನಿಯ ತಮ್ಮನ ಮಗನಿಗೆ ಆ ಬೆಳಿಗ್ಗೆಯೇ ಸೊಂಟ ಹಿಡಿದಿತ್ತು. "ನೀವು ಎತ್ತರ ಇದೀರಿ," ಎಂದು ಜಾರ್ಲತ್ ಫಿಂಟನ್‌ನನ್ನು ಶವಪೆಟ್ಟಿಗೆಯ ಕೆಳಗೆ ನುಗ್ಗಿಸಿದ. ಸೋನಿ ಲವೆಲ್ ಬದುಕಿದ್ದಾಗ ಚೆನ್ನಾಗಿ ಉಂಡವನು. ಜೊತೆಗೆ ಆಚೆ ಹೆಗಲು ಕೊಟ್ಟವನು ಗಿಡ್ಡ. ಭಾರವೆಲ್ಲ ಫಿಂಟನ್ ಕಡೆಗೇ ಜಾರಿ, ಅವನು ಮೊದಲ ಸಲ ನೊಗಕ್ಕೆ ಕಟ್ಟಿದ ಹೋರಿಯಂತೆ ಅಡ್ಡಡ್ಡ ಹೆಜ್ಜೆ ಹಾಕಿದ. ದುಃಖದಿಂದ ಕಾಲು ನಿಲ್ಲುತ್ತಿಲ್ಲ ಎಂದು ಜನ ಮಾತಾಡಿಕೊಂಡರು.

"ಒಂದು ಮಾತು ಕೇಳಿದ್ರೆ ಮುಗೀತಿತ್ತು," ಎಂದು ಅತ್ತೆ ಕಿವಿಯಲ್ಲಿ ಉಸುರಿದರು.

"ಕೇಳಲ್ಲ, ಮಿಸೆಸ್ ಕೀಗನ್," ಎಂದ ಅಳಿಯ, ಕುತ್ತಿಗೆ ಉಜ್ಜಿಕೊಳ್ಳುತ್ತ.

ಸೋನಿಯ ಹೆಂಡತಿ ವಿನ್ನಿ, ಕೈ ಕುಲುಕಿದವರನ್ನೆಲ್ಲ ಬಿಟ್ಟು ಇವನ ಕೈಯನ್ನು ಮಾತ್ರ ಹಿಡಿದೇ ಇದ್ದಳು. ಊಟ ಮಾಡದೆ ಹೋಗುವ ಹಾಗಿಲ್ಲ ಎಂದಳು. ಪಬ್ಬಿನಲ್ಲಿ ಸೂಪು, ಹಂದಿಮಾಂಸದ ಸ್ಯಾಂಡ್‌ವಿಚ್ಚು, ಬೇಡವೆಂದಷ್ಟೂ ಬರುವ ಚಹಾ. ಕಾರ್ಲೋದವರು ಎರಡು ಮಾತಾಡಬೇಕು ಎಂದು ಜಾರ್ಲತ್ ಲೋಟ ಬಡಿದ.

ಫಿಂಟನ್ ಎದ್ದು ನಿಂತ.

"ಸೋನಿ ಮುಂದೆ ಹೋಗ್ತಿದ್ರೆ ಹಿಂದೆ ಬರೋರು ಇನ್ನೊಬ್ಬರನ್ನ ದಾರಿ ಕೇಳಬೇಕಾಗ್ತಿರ್ಲಿಲ್ಲ. ನನಗೆ ಗೊತ್ತಿರೋದು ಅಷ್ಟೇ," ಎಂದು ಕೂತುಬಿಟ್ಟ.

ಪಬ್ಬೆಲ್ಲ ಮೂಗು ಒರೆಸಿಕೊಂಡಿತು. ಅಥ್ಲೋನಿಗೆ ಹೊರಟ ದನಗಳನ್ನು ಸೋನಿ ಒಂದು ಸಲ ಡಾನಿಗಾಲಿಗೆ ಒಯ್ದು ಇಳಿಸಿದ್ದನ್ನು ಬಲ್ಲ ಮುದುಕನೊಬ್ಬ ಮಾತ್ರ ಸೂರು ನೋಡುತ್ತಿದ್ದ. ಅಸಂಪ್ಟಾ ಗಂಡನ ಟೈ ಸರಿಮಾಡಿದಳು. ಮದುವೆಯ ದಿನದ ನಂತರ ಅವಳು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ಮಿಸೆಸ್ ಕೀಗನ್ ಕೂಡ ಪಕ್ಕದವಳಿಗೆ, "ನಮ್ಮ ಅಳಿಯಂದ್ರು" ಎಂದರು.

ಹೊರಡುವಾಗ ವಿನ್ನಿ ಅವನ ಅಂಗೈಯಲ್ಲಿ ತಣ್ಣಗಿನದೇನನ್ನೋ ಇಟ್ಟು ಬೆರಳು ಮಡಿಸಿದಳು. ಒಂದು ಬೀಗದ ಕೈ.

"ಕೆರೆ ದಂಡೆ ಮೇಲೆ ಸೋನಿ ಇಟ್ಕೊಂಡಿದ್ದ ಕ್ಯಾರವಾನ್ ಇದೆ. ಮುಂದಿನ ಆಗಸ್ಟಿಗೆ ಅವನ ವರ್ಷದ ಪೂಜೆ. ನೀವೆಲ್ಲ ಬಂದು ಎರಡು ವಾರ ಇದ್ದು ಹೋಗ್ಬೇಕು. ಇಲ್ಲ ಅಂದ್ರೆ ಅವನ ಆತ್ಮಕ್ಕೆ ನೆಮ್ಮದಿ ಇರಲ್ಲ."

"ಮಾಡು ಸೋರುತ್ತಾ?" ಎಂದಳು ಡರ್ವ್ಲಾ.

"ಎಲ್ಲಾ ಕಡೆ ಇಲ್ಲ ಮಗು. ಮಲಗೋ ಕಡೆ ಮಾತ್ರ."

"ಕಕ್ಕಸು?"

"ಹೊಲ ದಾಟಿದ್ರೆ ಅಲ್ಲೇ."

ಸತ್ತವನ ಹೆಂಡತಿಗೆ ಇಲ್ಲ ಎನ್ನುವುದು ಯಾರಿಂದಾಗುತ್ತದೆ? "ಖಂಡಿತ ಬರ್ತೀವಿ," ಎಂದ ಫಿಂಟನ್. ಸೋನಿಯ ಗೆಳೆಯನನ್ನು ಹಾಗೇ ಕಳಿಸುವುದುಂಟೇ ಎಂದು ಜಾರ್ಲತ್ ತನ್ನ ಕಾರನ್ನು ಮುಂದೆ ಬಿಟ್ಟುಕೊಂಡು, ಸಂದುಗೊಂದುಗಳಲ್ಲಿ ಎಡಕ್ಕೆ ಬಲಕ್ಕೆ ಹೊರಳಿಸುತ್ತ, ಗಾಲ್ವೇ ಹೆದ್ದಾರಿಗೆ ಮುಟ್ಟಿಸಿದ. ಯಾರೂ ಕೇಳಿರಲಿಲ್ಲ.

ಮರುದಿನ ಕಾರ್ಲೋದ ಮನೆ ಮುಂದೆ ಕಾರು ನಿಂತಾಗ ಡರ್ವ್ಲಾ ತೀರ್ಪು ಓದಿದಳು: ಅಪ್ಪ ಗೆದ್ದ.

"ಗೆದ್ದೆಯಪ್ಪ," ಎಂದರು ಅತ್ತೆ. "ಕನ್ಸೆಪ್ಟಾ ಕ್ಯಾರವಾನ್ ಮಾತು ಇನ್ನು ಎತ್ತಲ್ಲ. ಆಗಸ್ಟಲ್ಲಿ ನಾನೂ ಬರ್ತೀನಿ ಅಂತ ವಿನ್ನಿಗೆ ಮಾತು ಕೊಟ್ಟಿದೀನಿ."

ಆದರೂ ಫಿಂಟನ್ ತಲೆ ಎತ್ತಿಕೊಂಡೇ ಒಳಗೆ ಹೋಗಿ ಬೀಗದ ಕೈಯನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದ. ಐರ್ಲೆಂಡ್ ಸುತ್ತಿ ಬಂದಿದ್ದ, ದಾರಿ ಕೇಳಿರಲಿಲ್ಲ.

"ಅಂದ ಹಾಗೆ," ಎಂದಳು ಅಸಂಪ್ಟಾ ಕೆಟಲ್ ಒಲೆಗಿಡುತ್ತ, "ಆ ಊರಿನ ಹೆಸರೇನು?"

ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ಅಲ್ಲಿನವರೆಲ್ಲ ಮಧ್ಯಾಹ್ನ ಪೂರ್ತಿ 'ಇಲ್ಲಿ', 'ನಮ್ಮಲ್ಲಿ' ಎಂದೇ ಹೇಳಿದ್ದರು. ತಮ್ಮ ಊರಿನ ಹೆಸರನ್ನು ತಮ್ಮೂರಲ್ಲೇ ಯಾರು ಹೇಳುತ್ತಾರೆ? ನಕ್ಷೆಯಲ್ಲಿ ನೋಡೋಣವೆಂದರೆ ಮೇಯೋ ಇರುವಲ್ಲಿ ಚಹಾದ ಕಲೆ. ಕಾರ್ಲೋದಿಂದ ಬಂದು ಹೆಗಲು ಕೊಟ್ಟ ಗೆಳೆಯನೇ, ಸೋನಿಯ ಊರು ಯಾವುದು ಎಂದು ಮೇಯೋದಲ್ಲಿ ವಿಚಾರಿಸುತ್ತ ತಿರುಗುವುದು ಹೇಗೆ?

"ಯಾರನ್ನಾದ್ರೂ ಕೇಳ್ಬೇಕು," ಎಂದರು ಮಿಸೆಸ್ ಕೀಗನ್, ಸಕ್ಕರೆ ಕದಡುತ್ತ.

ಬೀಗದ ಕೈ ಆ ಮೊಳೆಯಲ್ಲೇ ಇದೆ, ಆಗಸ್ಟ್ ಹತ್ತಿರ ಬರುತ್ತಿದೆ. ಊರು ಯಾವುದೆಂದು ಫಿಂಟನ್‌ಗೆ ಇವತ್ತಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.