ಹೇಳ್ರಿ ಯಜಮಾನ್ರ

ಹಟ ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲವೆಂದು ಬಹುಕಾಲ ನಂಬಿದ್ದೆ. ತೂಕ ಇಳಿಸಬೇಕೆಂದು ಒಂದು ವಾರ ಮಂಡಕ್ಕಿ ಒಗ್ಗರಣೆಯ ಜೊತೆ ಮಿರ್ಚಿ ಬಜ್ಜಿ ಮುಟ್ಟದೆ ಇದ್ದವಳು ನಾನು. ಅದರ ಕಷ್ಟ ಬಳ್ಳಾರಿಯವರಿಗಷ್ಟೇ ಗೊತ್ತು. ಹಾಗಾಗಿ ಮಗಳಿಗೆ ದಿನಕ್ಕೊಂದು ಗಂಟೆ ಕೊಡುತ್ತೇನೆಂದು ತೀರ್ಮಾನಿಸಿದಾಗ, ಅದೇನು ಮಹಾ ಎಂದುಕೊಂಡಿದ್ದೆ.

ನನಗೆ ಕೆಲಸ ಸಿರುಗುಪ್ಪದಲ್ಲಿ, ಬೆಳೆಗೆ ರೋಗ ಬಂದರೆ ರೈತರಿಗೆ ಸಲಹೆ ಕೊಡುವ ಕಚೇರಿಯಲ್ಲಿ. ನನ್ನ ಗಂಡ ಕುರುಗೋಡಿನಲ್ಲಿ ಮೇಷ್ಟ್ರು. ಮನೆ ಬಳ್ಳಾರಿಯ ಗಾಂಧಿನಗರದಲ್ಲಿ. ಬೆಳಿಗ್ಗೆ ನಾವಿಬ್ಬರೂ ಬೇರೆ ಬೇರೆ ದಿಕ್ಕಿನ ಬಸ್ಸು ಹತ್ತಿದ ಮೇಲೆ, ಮೂರನೆಯ ತರಗತಿಯ ಮಗಳು ಸಿರಿಯನ್ನು ಶಾಲೆಗೆ ಕಳಿಸುವವರು ಅತ್ತೆ. ಸಂಜೆ ನಾನು ಮನೆ ಸೇರುವ ಹೊತ್ತಿಗೆ ಅವಳ ದಿನ ಮುಗಿದೇ ಹೋಗಿರುತ್ತದೆ. ಅವಳ ಮುಂದಿನ ಹಲ್ಲು ಬಿದ್ದ ಸುದ್ದಿ ನನಗೆ ಪಕ್ಕದ ಮನೆಯವರಿಂದ ತಿಳಿಯಿತು. ಇನ್ನು ಏಳರಿಂದ ಎಂಟು ಮಗಳ ಹೊತ್ತು, ಏನೇ ಆಗಲಿ ಬಿಡುವುದಿಲ್ಲ ಎಂದು ಅವತ್ತೇ ಮನೆಯವರಿಗೆಲ್ಲ ಸಾರಿದೆ.

"ಮಕ್ಕಳ ಜೊತಿ ಇರಾಕೂ ಟೈಮ್‌ಟೇಬಲ್ ಹಾಕ್ತಾರೇನು?" ಎಂದರು ಗಂಡ. ಗಂಟೆ ಹೊಡೆದರಷ್ಟೇ ತರಗತಿ ಬಿಡುವ ಮನುಷ್ಯ ಈ ಮಾತು ಹೇಳಿದ್ದಕ್ಕೆ ನನ್ನ ಹಟ ಇನ್ನೂ ಹೆಚ್ಚಾಯಿತು.

ಸೋಮವಾರ ಶುರುಮಾಡಿದೆ. ಸಿರಿಯನ್ನು ಎದುರಿಗೆ ಕೂರಿಸಿಕೊಂಡು, "ಸಾಲಿ ಹೆಂಗಿತ್ತವಾ?" ಎಂದೆ.

"ಚಲೋ ಇತ್ತು."

"ಏನೇನಾತು?"

"ಏನೂ ಆಗ್ಲಿಲ್ಲ."

ಮಾತು ಮುಗಿಯಿತು, ಗಂಟೆ ಹಾಗೇ ಉಳಿದಿತ್ತು. ಮಂಗಳವಾರವೂ ಶಾಲೆ ಚಲೋ ಇತ್ತು. ಹಾವು-ಏಣಿ ಹರಡಿದೆ. ನಾನು ಎರಡು ಸಲ ದಾಳ ಹಾಕುವಷ್ಟರಲ್ಲಿ ಹಚ್ಚೊಳ್ಳಿಯ ರೈತರೊಬ್ಬರ ಫೋನು. ನಾಲೆಗೆ ನೀರು ಬಿಟ್ಟು ಭತ್ತ ನೆಟ್ಟಿರುವ ಕಾಲ. ಫೋನು ಎತ್ತದಿದ್ದರೆ ಪಾಪ, ಅವರು ಔಷಧಿ ಅಂಗಡಿಯವನು ಕೊಟ್ಟದ್ದನ್ನೆಲ್ಲ ಹೊಡೆದುಬಿಡುತ್ತಾರೆ. "ಹೇಳ್ರಿ ಯಜಮಾನ್ರ. ಎಲಿ ತುದಿ ಒಣಗೈತೋ, ಬುಡ ಕೊಳ್ತೈತೋ? ಗಾಬರಿ ಆಗಬ್ಯಾಡ್ರಿ, ನಿಧಾನಕ್ಕ ಹೇಳ್ರಿ, ನಾ ಕೇಳಾಕತ್ತೀನಿ. ಅಂಗಡಿಯವನ್ನ ಮಾತ್ರ ಕೇಳಬ್ಯಾಡ್ರಿ," ಎಂದು ಸಮಾಧಾನ ಹೇಳಿ ಫೋನು ಇಟ್ಟಾಗ, ಸಿರಿ ನನ್ನ ಕಾಯಿಯನ್ನೂ ತಾನೇ ನಡೆಸಿ, ಹಾವಿನ ಬಾಯಿಗೆ ಹಾಕಿ ಎದ್ದು ಹೋಗಿದ್ದಳು. ಬುಧವಾರವೂ ಶಾಲೆ ಚಲೋ ಇತ್ತು. ಕಥೆ ಹೇಳಿದೆ. ಅವಳು ಆಕಳಿಸಿದಳು, ಅವಳನ್ನು ನೋಡಿ ನಾನೂ ಆಕಳಿಸಿದೆ. ಆದರೂ ಬಿಡಲಿಲ್ಲ.

ಗುರುವಾರ ಏಳಕ್ಕೆ ನನ್ನ ಫೋನು ಬಡಿದುಕೊಂಡಿತು. ನೋಡಿದರೆ ಅತ್ತೆಯ ನಂಬರು. ಅತ್ತೆ ನನ್ನ ಎದುರಿಗೇ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದರು. ಒಳಕೋಣೆಯ ಬಾಗಿಲು ಮುಚ್ಚಿತ್ತು. ಎತ್ತಿದೆ.

"ನಮಸ್ಕಾರ್ರಿ ಮೇಡಂ. ಹಚ್ಚೊಳ್ಳಿಯಿಂದ ಮಾತಾಡಾಕತ್ತೀನ್ರಿ," ಎಂದಿತು, ಗಂಟಲು ದಪ್ಪ ಮಾಡಿಕೊಂಡ ದನಿ.

ನಗು ನುಂಗಿದೆ. ಉಳಿದದ್ದನ್ನು ನನ್ನ ಬಾಯಿ ಅಭ್ಯಾಸದ ಮೇಲೆ ತಾನೇ ಹೇಳಿತು: "ಹೇಳ್ರಿ ಯಜಮಾನ್ರ. ಏನು ತ್ರಾಸು?"

"ನನ್ನ ಗೆಳತಿ ಮಾತು ಬಿಟ್ಟಾಳ್ರಿ. ಊಟಕ್ಕ ಬ್ಯಾರೆ ಕಡೆ ಕುಂದ್ರತಾಳ."

"ಯಾವಾಗಿಂದ್ರಿ?"

"ಸೋಮವಾರದಿಂದ್ರಿ."

ನನಗೆ ನಗು ಇಳಿದುಹೋಯಿತು. "ಮನ್ಯಾಗ ಯಾರಿಗಾರ ಹೇಳೀರೇನು?"

"ಅಜ್ಜಿಗೆ ಹೇಳಿದ್ರ ಅವರ ಮನಿಗೇ ಜಗಳಕ್ಕ ಹೋಗ್ತಾಳ್ರಿ. ಅಮ್ಮ..." ದಪ್ಪ ದನಿ ತೆಳ್ಳಗಾಯಿತು. "ಅಮ್ಮ ಪ್ರಶ್ನಿ ಕೇಳಿ ಗಡಿಯಾರ ನೋಡ್ತಾಳ್ರಿ. ರೈತರಿಗಾದ್ರ ನಿಧಾನಕ್ಕ ಹೇಳ್ರಿ ಅಂತಾಳ."

ಕಣ್ಣು ತುಂಬಿ ಬಂತು. ಬಾಗಿಲು ತೆಗೆದು ಅವಳನ್ನು ಎತ್ತಿಕೊಳ್ಳೋಣ ಎನಿಸಿತು. ಎತ್ತಿಕೊಂಡರೆ ಯಜಮಾನರು ಮಾತು ನಿಲ್ಲಿಸುತ್ತಾರೆಂಬ ಭಯಕ್ಕೆ ಕುಳಿತಲ್ಲೇ ಗಡಿಯಾರಕ್ಕೆ ಬೆನ್ನು ತಿರುಗಿಸಿದೆ. "ನಿಧಾನಕ್ಕ ಹೇಳ್ರಿ. ನಾ ಕೇಳಾಕತ್ತೀನಿ," ಎಂದೆ. ಹೇಳಿದಳು. ಬಣ್ಣದ ಪೆನ್ಸಿಲಿನಿಂದ ಶುರುವಾದ ಜಗಳ, ಯಾರು ಮೊದಲು ಮಾತಾಡಬೇಕೆಂಬಲ್ಲಿ ನಿಂತಿತ್ತು. ನಾನು ಸಲಹೆ ಹೆಚ್ಚೇನೂ ಕೊಡಲಿಲ್ಲ. ನಾಳೆ ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ಶೇಂಗಾ ಹೋಳಿಗೆ ಇರುತ್ತದೆಂದು ಮಾತ್ರ ಹೇಳಿದೆ. ಹೋಳಿಗೆ ಕೆಲಸ ಮಾಡಿತು.

ಈಗ ದಿನಾ ಏಳಕ್ಕೆ ಒಳಕೋಣೆಯಿಂದ ಫೋನು ಬರುತ್ತದೆ. ನಿಜವಾದ ಹಚ್ಚೊಳ್ಳಿಯವರಿಗೆ ಎಂಟರ ನಂತರ ನಾನೇ ಫೋನು ಮಾಡುತ್ತೇನೆ. ಅಂತೂ ನನ್ನ ಹಟವೇ ಗೆದ್ದಿತೆಂದು ಗಂಡನ ಮುಂದೆ ಬೀಗಿಯೂ ಆಯಿತು. ನಿನ್ನೆ ಮಾತ್ರ ಬಸ್ಸಿನಲ್ಲಿ ನಿಂತೇ ಬಂದ ಸುಸ್ತಿಗೆ, ಒಳಕೋಣೆಯ ಯಜಮಾನರ ಮಾತಿಗೆ ಎರಡು ಸಲ ಬರೇ 'ಹೂಂ' ಎಂದೆ.

ಆ ಕಡೆಯ ದಪ್ಪ ದನಿ ಬಾಗಿಲಾಚೆಗೂ ಕೇಳುವಷ್ಟು ಏರಿತು. "ಮೇಡಂ, ನಿಮಗ ಪುರಸೊತ್ತು ಇಲ್ಲಂದ್ರ ಹೇಳಿಬಿಡ್ರಿ. ನಾನು ಅಂಗಡಿಯವರನ್ನ ಕೇಳ್ತೀನಿ."

ಎದುರಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಅಂಗಡಿಯವರು ತಲೆ ಎತ್ತಿ ನಕ್ಕರು. ನಾನು ನೆಟ್ಟಗೆ ಕುಳಿತು, "ತಪ್ಪಾತ್ರಿ ಯಜಮಾನ್ರ, ಮೊದಲಿಂದ ಹೇಳ್ರಿ," ಎಂದೆ.