ನೆತ್ತಿಯ ಬಿಸಿಲು ಮತ್ತು ಆರುನೂರು ಹಪ್ಪಳ

ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ದ್ಯುತಿಸಂಶ್ಲೇಷಣೆಯ ಪಾಠ ಮಾಡಿದವನು ನಾನು. ಬೋರ್ಡಿನ ಮೇಲೆ ಎಲೆ ಬರೆದು, ಸೂರ್ಯನನ್ನು ಬರೆದು, ನಡುವೆ ಬಾಣ ಬಿಡುವುದರಲ್ಲಿ ಶಿರಸಿ ತಾಲೂಕಿನಲ್ಲೇ ನನ್ನನ್ನು ಮೀರಿಸುವವರು ಇರಲಿಲ್ಲ. ಗಾಳಿ, ನೀರು, ಬಿಸಿಲು. ಮೂರೇ ಸಾಮಾನು! ರೇಷನ್ ಕಾರ್ಡು ಬೇಡ, ಸಿಲಿಂಡರಿಗೆ ಪಾಳಿ ಹಚ್ಚುವುದು ಬೇಡ. ಓದು ಬರಹ ಇಲ್ಲದ ಎಲೆಯೊಂದು ಕೂತಲ್ಲೇ ಅಡಿಗೆ ಮಾಡಿಕೊಳ್ಳುತ್ತದೆ ಎಂದರೆ, ಬಿ.ಎಸ್ಸಿ., ಬಿ.ಎಡ್. ಮುಗಿಸಿದವನಿಗೆ ಅದೆಷ್ಟರ ಕೆಲಸ ಎಂದುಕೊಂಡೆ.

ಎರಡು ಸಾವಿರನೇ ಇಸವಿಯ ಆಚೀಚಿನ ಒಂದು ಬೇಸಿಗೆ ರಜೆ. ಧಾರವಾಡದ ಕಡೆ ಮೂರು ದಿನದ ಸ್ಪಿರುಲಿನಾ ತರಬೇತಿಗೆ ಹೋದೆ. ಸ್ಪಿರುಲಿನಾ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಜೀವಿ. ಎಲೆಯ ಹಾಗೆಯೇ ಬಿಸಿಲು ಕುಡಿದು ಬೆಳೆಯುತ್ತದೆ. ಸೋಸಿ ಒಣಗಿಸಿ ತಿಂದರೆ ನಮಗೆ ಪುಷ್ಟಿ. ಬರುವಾಗ ಐದು ಲೀಟರಿನ ಕ್ಯಾನಿನಲ್ಲಿ ಬಿತ್ತನೆಯ ಹಸಿರು ನೀರು ಕೊಟ್ಟರು. ಬಸ್ಸಿನಲ್ಲಿ ಅದಕ್ಕೆ ಬಿಸಿಲು ತಪ್ಪಬಾರದೆಂದು ಯಲ್ಲಾಪುರದ ತನಕ ಎಡಗಡೆ ಕಿಟಕಿಗೆ ಕೂತೆ. ಅಲ್ಲಿಂದ ಬಸ್ಸು ತೆಂಕಣಕ್ಕೆ ತಿರುಗಿತು. ನಾನೂ ಬಲಗಡೆಗೆ ಎದ್ದು ಹೋದೆ. ತಿರುವಿಗೊಮ್ಮೆ ಕ್ಯಾನು ಎತ್ತಿಕೊಂಡು ಸೀಟು ಬದಲಿಸುವ ನನ್ನನ್ನು ನೋಡಿ ಕಂಡಕ್ಟರು, "ಕೂತ್ಕಳಿ ಮಾರಾಯ್ರೆ, ಟಿಕೇಟು ಒಂದೇ ಸೀಟಿಗೆ ಕೊಟ್ಟಿದ್ದು!" ಎಂದ.

ಮನೆಯಲ್ಲಿ ಹೆಂಡತಿ ಭಾಗೀರಥಿ ಕ್ಯಾನಿನ ಮುಚ್ಚಳ ತೆಗೆದು ಮೂಸಿದಳು.

"ಇದೆಂತದು? ಹಾವಸೆ ಅಲ್ದಾ?"

"ಹಾವಸೆ ಅಲ್ಲ ಮಾರಾಯ್ತಿ, ಸ್ಪಿರುಲಿನಾ!"

"ಮಳೆಗಾಲ ಪೂರ್ತಿ ಮೆಟ್ಟಿಲ ಹಾವಸೆ ತಿಕ್ಕಿ ತಿಕ್ಕಿ ಯನ್ನ ಸೊಂಟ ಬಿದ್ದೋಜು. ನಿಂಗ ಅದ್ನ ಧಾರವಾಡದಿಂದ ಹೊತ್ಗಂಡು ಬಂದ್ರಾ?"

ನಾನು ಗಂಟಲು ಸರಿಮಾಡಿಕೊಂಡು ಘೋಷಿಸಿದೆ: "ಭಾಗೀ, ಇನ್ನು ಮುಂದೆ ಮನುಷ್ಯ ಬಿಸಿಲಿನಿಂದಲೇ ಹೊಟ್ಟೆ ತುಂಬಿಸಿಕೊಳ್ಳುತ್ತಾನೆ!"

ಈ ವಾಕ್ಯವನ್ನು ಅವಳು ನೆನಪಿಟ್ಟುಕೊಳ್ಳುತ್ತಾಳೆ ಎಂದು ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ನಮ್ಮದು ಶಿರಸಿ ಪೇಟೆಯಲ್ಲಿ ಬಾಡಿಗೆ ಮನೆ. ಚೆನ್ನಾಗಿ ಬಿಸಿಲು ಬೀಳುವ ಜಾಗವೆಂದರೆ ತಾರಸಿ ಒಂದೇ. ಅದು ಹಲಸಿನ ಹಪ್ಪಳದ ಕಾಲ. ದೊಡ್ಮನೆ ಎಂಬ ಊರಿನಲ್ಲಿ ಭಾಗೀರಥಿಯ ಅಕ್ಕನ ಮಗಳಿಗೆ ಮದುವೆ. ಊಟಕ್ಕೆ ಬೇಕಾದ ಆರುನೂರು ಹಪ್ಪಳವನ್ನೂ ತಾನೇ ಮಾಡಿ ತರುತ್ತೇನೆಂದು ಇವಳು ಅಕ್ಕನಿಗೆ ಮಾತು ಕೊಟ್ಟಿದ್ದಳು. ಮದುವೆಗೆ ಹನ್ನೆರಡು ದಿನ ಉಳಿದಿತ್ತು, ಮಧ್ಯಾಹ್ನವಾದರೆ ಮೂಡಲಲ್ಲಿ ಗುಡುಗು ಶುರುವಾಗಿತ್ತು. ಅವಳಿಗೂ ಬಿಸಿಲು ಬೇಕು, ನನಗೂ ಬಿಸಿಲು ಬೇಕು. ಉಭಯತ್ರರ ಮಾತುಕತೆಯ ನಂತರ ಸದರಿ ತಾರಸಿಯನ್ನು ಅರ್ಧರ್ಧ ಹಂಚಿಕೊಳ್ಳುವುದೆಂದು ತೀರ್ಮಾನವಾಯಿತು.

ಯಾರಿಗೆ ಯಾವ ಅರ್ಧ? ನಾನು ತರಬೇತಿಯ ನೋಟುಬುಕ್ಕು ತೆಗೆದೆ. ಎರಡನೇ ದಿನ, ಊಟದ ನಂತರದ ಪಾಠ. "ಮೊದಲ ವಾರ ನೆ..." ಎಂದು ಬರೆದಿದ್ದೆ. ಅಲ್ಲಿಂದ ಪೆನ್ನು ಜಾರಿ ಪುಟದ ಕೆಳಗಿನವರೆಗೆ ಗೆರೆ ಎಳೆದಿತ್ತು. ಆ ದಿನದ ಊಟಕ್ಕೆ ಹೋಳಿಗೆ ಇತ್ತು. ಹದಿನೆಂಟು ವರ್ಷದ ಅನುಭವ ಬಳಸಿ ವಾಕ್ಯವನ್ನು ನಾನೇ ಪೂರ್ತಿ ಮಾಡಿದೆ: ಮೊದಲ ವಾರ ನೆತ್ತಿಯ ಬಿಸಿಲು! ಹಾಗಾಗಿ ಬಯಲಿನ ಅರ್ಧ ನನಗೆ, ನೀರಿನ ಟ್ಯಾಂಕಿಯ ನೆರಳು ಬೀಳುವ ಅರ್ಧ ಅವಳಿಗೆ ಬಂತು.

ಇಟ್ಟಿಗೆ ಜೋಡಿಸಿ, ಪ್ಲಾಸ್ಟಿಕ್ ಹಾಸಿ, ನೀರು, ಉಪ್ಪು, ಅಡಿಗೆ ಸೋಡಾ ಹಾಕಿ, ಕ್ಯಾನಿನ ಹಸಿರು ನೀರು ಸುರಿದು ತೊಟ್ಟಿ ಸಿದ್ಧವಾಯಿತು. ಪೇಟೆಯ ಮೂರು ಅಂಗಡಿಗಳ ಸೋಡಾ ನಾನೊಬ್ಬನೇ ಖಾಲಿ ಮಾಡಿದ್ದೆ. ಮಾಸ್ತರಿಕೆ ಬಿಟ್ಟು ಬೋಂಡಾ ಅಂಗಡಿ ಹಾಕುತ್ತಾರಂತೆ ಎಂದು ಸುದ್ದಿಯಾಯಿತು. ತೊಟ್ಟಿಯನ್ನು ಗಂಟೆಗೊಮ್ಮೆ ಕದಡಬೇಕು. ನನಗೋ ಕೂತರೆ ನಿಂತರೆ ಸಮಾಧಾನವಿಲ್ಲ. ಗಂಟೆ ಎಂಬುದು ಅರ್ಧ ಗಂಟೆಯಾಯಿತು, ಅರ್ಧ ಕಾಲಾಯಿತು. ಸ್ನಾನದ ನಡುವೆ ಎದ್ದು ಹೋದೆ. ತುತ್ತು ಬಾಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದೆ. ಭಾಗೀರಥಿಯ ಮಜ್ಜಿಗೆ ಕಡೆಗೋಲಿನಿಂದ ಕದಡಿದೆ. ರಭಸಕ್ಕೆ ಹಾರಿದ ಹನಿ ಪಕ್ಕದ ಚಾಪೆಯ ಮೇಲೂ ಬಿತ್ತು.

"ಅಯ್ಯೋ! ಹಪ್ಪಳಕ್ಕೆ ಬೂಷ್ಟು ಬಂತು!"

"ಬೂಷ್ಟಲ್ಲ ಭಾಗೀ, ಅದು ಪ್ರೋಟೀನು."

"ಮೊದ್ಲು ಆ ಲೀನಾನ ಮನೆಯಿಂದ ಹೊರಗೆ ಹಾಕಿ!" ಎಂದು, ಸ್ಪಿರುಲಿನಾವನ್ನು ಲೀನಾ ಮಾಡಿಕೊಂಡಿದ್ದ ಅವಳು ಕಿರುಚಿದ್ದು ಕೆಳಗಿನ ಮನೆಗೂ ಕೇಳಿತು. ಅಲ್ಲಿರುವವರು ನಮ್ಮ ಮನೆ ಮಾಲೀಕರಾದ ಶಿವಪ್ಪನವರು, ಬನವಾಸಿ ಕಡೆಯವರು. ಸಂಜೆ ನನ್ನನ್ನು ಗೇಟಿನ ಹತ್ತಿರ ಕರೆದು ಮೆಲ್ಲಗೆ ಕೇಳಿದರು.

"ಮಾಸ್ತರ, ಸಿಟ್ಟಾಗಬ್ಯಾಡ್ರಿ. ಈ ಲೀನಾ ಅಂದ್ರ ಯಾರ್ರೀ?"

ಅವರನ್ನು ತಾರಸಿಗೆ ಕರೆದೊಯ್ದು ಲೀನಾಳನ್ನು ಖುದ್ದು ತೋರಿಸಿದ ಮೇಲೇ ನನ್ನ ಮಾನ ಉಳಿಯಿತು.

ಐದನೆಯ ದಿನದ ಹೊತ್ತಿಗೆ ನೀರಿನ ಹಸಿರು ಹಳದಿಗೆ ತಿರುಗತೊಡಗಿತು. ಬಿಸಿಲು ಸಾಲುತ್ತಿಲ್ಲ! ಕಪಾಟಿನ ಬಾಗಿಲ ಕನ್ನಡಿ ಬಿಚ್ಚಿ ತಂದು, ಸೂರ್ಯನನ್ನು ತೊಟ್ಟಿಯೊಳಕ್ಕೆ ಇನ್ನೊಮ್ಮೆ ಬಿಟ್ಟೆ. ಅತ್ತ ಟ್ಯಾಂಕಿಯ ನೆರಳಿನಲ್ಲಿ ಎರಡು ದಿನಕ್ಕೆ ಒಣಗಬೇಕಾದ ಹಪ್ಪಳ ನಾಲ್ಕು ದಿನವಾದರೂ ಬಗ್ಗುತ್ತಿತ್ತು.

"ಆನು ಪ್ಯಾಟಿಗೆ ಹೋಗಿ ಬತ್ತೆ," ಎಂದಳು ಭಾಗೀರಥಿ. "ಮೋಡ ಬಂದ್ರೆ ಹಪ್ಪಳ ಮುಚ್ಚಿ. ತಾಡಪಾಲು ಅಲ್ಲೇ ಇದ್ದು. ಮರೆಯಡಿ."

ಮರೆಯಲಿಲ್ಲ. ದೇವರಾಣೆ, ಮರೆತದ್ದಲ್ಲ. ಮೂರು ಗಂಟೆಗೆ ಮೋಡ ಒಮ್ಮೆಲೇ ಕವುಚಿತು. ಓಡಿ ಮೇಲೆ ಹೋದೆ. ತಾಡಪಾಲು ಒಂದು. ಮುಚ್ಚಬೇಕಾದ್ದು ಎರಡು. ಮಳೆನೀರು ಬಿದ್ದರೆ ತೊಟ್ಟಿಯ ಹದ ಕೆಡುತ್ತದೆ! ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ತೊಟ್ಟಿಯನ್ನು ಮುಚ್ಚಿದೆ. ಹಪ್ಪಳದ ಚಾಪೆಗಳನ್ನು ಸುತ್ತಿ ಒಯ್ಯುವಷ್ಟರಲ್ಲಿ ಹನಿ ಕಾಸಿನಗಲ ಬೀಳುತ್ತಿತ್ತು, ಎರಡು ಚಾಪೆ ಹಪ್ಪಳ ಅಲ್ಲೇ ಅಂಟಾಯಿತು.

ಭಾಗೀರಥಿ ಒದ್ದೆ ಸೆರಗಿನಲ್ಲೇ ಮೇಲೆ ಬಂದಳು. ಅಂಟು ನೋಡಿದಳು. ಬೆಚ್ಚಗೆ ಹೊದ್ದು ಮಲಗಿದ್ದ ತೊಟ್ಟಿ ನೋಡಿದಳು. ಬೈಯಲಿಲ್ಲ. "ಅಕ್ಕಂಗೆ ಎಂತ ಹೇಳದು?" ಎಂದಷ್ಟೇ ಕೇಳಿ ಕೆಳಗಿಳಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮದುವೆಯಾದಾಗಿನಿಂದ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ತಾಡಪಾಲು ತೆಗೆದರೆ ತೊಟ್ಟಿಯಲ್ಲಿ ಹಸಿರೇ ಇಲ್ಲ, ಅಕ್ಕಿ ತೊಳೆದಂಥ ನೀರು! ಎಸ್.ಟಿ.ಡಿ. ಬೂತಿಗೆ ಓಡಿ ತರಬೇತಿಯ ಮೇಷ್ಟ್ರಿಗೆ ಫೋನು ಹಚ್ಚಿದೆ.

"ಎಲ್ಲಿ ಇಟ್ಟಿದ್ರಿ?"

"ನೆತ್ತಿಯ ಬಿಸಿಲಿಗೆ ಸಾರ್. ಕನ್ನಡಿಯನ್ನೂ ಹಿಡಿದಿದ್ದೆ."

"ಏನ್ರೀ ನೀವು! ಮೊದಲ ವಾರ ನೆರಳು ಅಂತ ಹೇಳಿದ್ನಲ್ರೀ! ಎಳೆ ಜೀವ ಅದು, ಬಿಸಿಲಿಗೆ ಬೆಂದು ಹೋಗ್ತತಿ. ನೆರಳ್ರೀ, ನೆರಳು!"

ನೆ. ನೆತ್ತಿಯೂ ಅಲ್ಲೇ ಶುರು, ನೆರಳೂ ಅಲ್ಲೇ ಶುರು. ಅಂದರೆ ನಾನು ಭಾಗೀರಥಿಯಿಂದ ಕಸಿದುಕೊಂಡ ಬಿಸಿಲು ಲೀನಾಳಿಗೆ ಬೇಕೇ ಇರಲಿಲ್ಲ. ನಾನು ಅವಳಿಗೆ ಬಿಟ್ಟುಕೊಟ್ಟ ನೆರಳೇ ಬೇಕಿತ್ತು! ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದವನಿಗೆ ಕೈಯಾದರೂ ಹುಳಿಯಾಗುತ್ತದೆ, ನನಗೆ ಅದೂ ಇಲ್ಲ.

ತೊಟ್ಟಿ ಬಿಚ್ಚಿದೆ. ಇಡೀ ತಾರಸಿ ಭಾಗೀರಥಿಯ ವಶಕ್ಕೆ ಬಂತು. ಉಳಿದ ದಿನಗಳಲ್ಲಿ ಚಾಪೆ ಹಾಸುವುದು, ಮೋಡ ಕಂಡರೆ ಸುತ್ತುವುದು, ಮತ್ತೆ ಹಾಸುವುದು, ಎಲ್ಲ ನನ್ನ ಕೆಲಸ. ಹಲಸಿನ ಕಾಯಿ ಮುಗಿದಿತ್ತು. ಕಡೆಗೆ ಡಬ್ಬಿ ಸೇರಿದ್ದು ನಾಲ್ಕುನೂರು ಚಿಲ್ಲರೆ ಮಾತ್ರ.

ಮದುವೆಯ ದಿನ ದೊಡ್ಮನೆಯಲ್ಲಿ ಹಪ್ಪಳ ಬಡಿಸುವವಳು ತಾನೇ ಎಂದು ಭಾಗೀರಥಿ ಹಟ ಹಿಡಿದಳು. ಬೀಗರಿಗೆ ಕಡಿಮೆ ಮಾಡಲಿಲ್ಲ, ಊರವರಿಗೆ ಕಡಿಮೆ ಮಾಡಲಿಲ್ಲ. ಅವಳ ಅಕ್ಕ, "ಹಪ್ಪಳ ಲಾಯ್ಕಾಜು, ಆ ಹಸಿರು ಚುಕ್ಕಿ ಎಂತದೇ?" ಎಂದಾಗ "ಕೊತ್ತಂಬ್ರಿ" ಎಂದು ಮಾನ ಉಳಿಸಿದಳು, ನನ್ನದೂ ಸೇರಿಸಿ. ನಾನು ಕಡೆಯ ಪಂಕ್ತಿಗೆ ಕೂತೆ. ಮದುವೆಗೆ ಕರೆದಿದ್ದ ಶಿವಪ್ಪನವರು ನನ್ನ ಪಕ್ಕದಲ್ಲಿದ್ದರು. ಬುಟ್ಟಿ ಹತ್ತಿರ ಬಂತು. ಭಾಗೀರಥಿ ಅವರ ಎಲೆಗೆ ಒಂದು ಹಪ್ಪಳ ಹಾಕಿದಳು, ನನ್ನ ಎಲೆಯ ಮೇಲೆ ಬುಟ್ಟಿ ಬೋರಲು ಹಾಕಿ ತೋರಿಸಿದಳು. ಖಾಲಿ!

"ಅಯ್ಯ, ಮಾಸ್ತರಗ ಇಲ್ಲೇನ್ರೀ ಅಕ್ಕಾರ?" ಎಂದು ಶಿವಪ್ಪನವರು ಕೇಳಿದರು.

"ಅವ್ರಿಗೆ ಬೇಡ ಶಿವಪ್ಪನವ್ರೇ," ಎಂದಳು ಪಂಕ್ತಿಗೆಲ್ಲ ಕೇಳುವ ಹಾಗೆ. "ಅವ್ರು ಬಿಸ್ಲಲ್ಲಿ ಕೂತ್ರೆ ಸಾಕು, ಹೊಟ್ಟೆ ತುಂಬ್ತದೆ!"

ಪಂಕ್ತಿಯೆಲ್ಲ ನಕ್ಕಿತು. ಪಕ್ಕದಲ್ಲಿ ಹಪ್ಪಳ ಕಟುಂ ಎಂದಿತು. ಹದಿನೆಂಟು ವರ್ಷ ಬೋರ್ಡಿನ ಮೇಲೆ ಬರೆದ ಎಲೆ ಈಗ ಎದುರಿಗೇ ಹಾಸಿತ್ತು, ಅದರ ತುದಿಯಲ್ಲಿದ್ದ ಉಪ್ಪು ನೆಕ್ಕಿಕೊಂಡು ಅನ್ನಕ್ಕೆ ಕೈಹಾಕಿದೆ.